ಸಭೆಯ ಹಾಡಿಗೊಂದು ತಳಹದಿ: ಕ್ರೈಸ್ತ ಸಂಗೀತ ತತ್ವವನ್ನು ಬರೆದಿಡುವ ಕ್ರಮ

ಸಭೆಯಲ್ಲಿ ಸಂಗೀತದ ವಿಚಾರಕ್ಕೆ ಮನಸ್ತಾಪ ಬಂದಾಗ ಮಾತು ಡ್ರಮ್ಸ್ ಬೇಕೋ ಬೇಡವೋ, ಹಳೆಯ ಪುಸ್ತಕದ ಹಾಡೋ ಹೊಸ ಹಾಡೋ, ತಬಲಾ ಆಗುತ್ತದೋ ಇಲ್ಲವೋ ಎಂಬುದರ ಸುತ್ತಲೇ ತಿರುಗುತ್ತದೆ. ಸಭೆ ಯಾಕೆ ಹಾಡುತ್ತದೆ, ಯಾರ ಮುಂದೆ ಹಾಡುತ್ತದೆ, ಯಾವ ಹಾಡನ್ನು ಒಳ್ಳೆಯದೆನ್ನಬೇಕು ಎಂದು ಯಾರೂ ಕೂತು ಬರೆದಿರುವುದಿಲ್ಲ. ಬರೆದಿಡದ ಕಡೆ ಗಟ್ಟಿ ದನಿಯವರ ಇಷ್ಟವೇ ನಿಯಮವಾಗುತ್ತದೆ. ಸಭಾಪಾಲಕರು ಬದಲಾದರೆ ನಿಯಮವೂ ಬದಲಾಗುತ್ತದೆ.

ಒಂದು ಕನ್ನಡ ಸಭೆ ತನ್ನ ಸಂಗೀತ ತತ್ವವನ್ನು ಒಂದೇ ಪುಟದಲ್ಲಿ ಬರೆದುಕೊಳ್ಳುವುದು ಹೇಗೆ, ಆಮೇಲೆ ಅದನ್ನು ಈ ಭಾನುವಾರದ ಹಾಡುಗಳಿಗೆ ಅನ್ವಯಿಸುವುದು ಹೇಗೆ ಎಂಬುದು ಇಲ್ಲಿದೆ. ಐದರಿಂದ ಏಳು ಜನ ಸಾಕು: ಸಭಾಪಾಲಕರು, ಕ್ವಾಯರ್ ನಡೆಸುವವರು, ವಾದ್ಯದವರಲ್ಲಿ ಒಬ್ಬರು, ಒಬ್ಬ ಹಿರಿಯರು, ಒಬ್ಬ ಯುವತಿ ಅಥವಾ ಯುವಕ. ಇವರ ಜೊತೆಗೆ ಹಾಡಲು ಅಷ್ಟಾಗಿ ಬಾರದ, ಆದರೆ ಪ್ರತಿ ವಾರ ಹಾಡುವ ಒಬ್ಬ ಸದಸ್ಯರು ಕಡ್ಡಾಯವಾಗಿ ಇರಲಿ. ಸಂಗೀತ ಬಲ್ಲವರೇ ತುಂಬಿದ ಸಮಿತಿ ಸಭೆಯ ಗಂಟಲನ್ನು ಮರೆಯುತ್ತದೆ. ಒಂದೂವರೆ ಗಂಟೆಯ ಆರು ಬೈಠಕ್ ಇಟ್ಟುಕೊಳ್ಳಿ.

ಮೊದಲ ಹೆಜ್ಜೆ: ಅಭಿಪ್ರಾಯಕ್ಕೆ ಮುಂಚೆ ಸತ್ಯವೇದ

ಮೊದಲ ಎರಡು ಬೈಠಕ್‌ನಲ್ಲಿ ಯಾವ ವಾದ್ಯದ ಹೆಸರನ್ನೂ ಎತ್ತಬೇಡಿ. ಒಂದು ದೊಡ್ಡ ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ: ಯಾರು ಹಾಡುತ್ತಾರೆ, ಯಾರಿಗೆ, ಯಾವ ಸಂದರ್ಭದಲ್ಲಿ, ಏನಾಗುತ್ತದೆ. ಒಂದೊಂದೇ ಭಾಗ ಓದಿ ತುಂಬುತ್ತಾ ಹೋಗಿ. ವಿಮೋಚನಕಾಂಡ 15ರಲ್ಲಿ ಸಮುದ್ರ ದಾಟಿದ ಜನ ಹಾಡುತ್ತಾರೆ. ಮತ್ತಾಯ 26:30ರಲ್ಲಿ ಯೇಸುವೂ ಶಿಷ್ಯರೂ ಪಸ್ಕದ ಊಟ ಮುಗಿಸಿ, ಹಾಡಿ, ಎಣ್ಣೇಮರಗಳ ಗುಡ್ಡಕ್ಕೆ ಹೋಗುತ್ತಾರೆ. ಅಪೊಸ್ತಲರ ಕೃತ್ಯಗಳು 16:25ರಲ್ಲಿ ಪೌಲ ಸೀಲರು ಸೆರೆಮನೆಯಲ್ಲಿ ನಡುರಾತ್ರಿ ಹಾಡುತ್ತಾರೆ, ಮಿಕ್ಕ ಸೆರೆಯಾಳುಗಳು ಕೇಳುತ್ತಾರೆ. ಚೆಫನ್ಯ 3:17ರಲ್ಲಿ ಹರ್ಷದಿಂದ ಹಾಡುವವನು ದೇವರೇ.

ಎಫೆಸ 5:19 ಮತ್ತು ಕೊಲೊಸ್ಸೆ 3:16 ಇವೆರಡಕ್ಕೆ ಪೂರ್ತಿ ಅರ್ಧ ಗಂಟೆ ಕೊಡಿ. ಎರಡರಲ್ಲೂ ಹಾಡು ಏಕಕಾಲದಲ್ಲಿ ಎರಡು ಕಡೆ ಹೋಗುತ್ತದೆ: ಮೇಲಕ್ಕೆ ಕರ್ತನಿಗೆ, ಪಕ್ಕಕ್ಕೆ ಒಬ್ಬರಿಂದ ಇನ್ನೊಬ್ಬರಿಗೆ. ಕೊಲೊಸ್ಸೆಯಲ್ಲಿ ಹಾಡು ಬೋಧನೆಯ, ಬುದ್ಧಿಹೇಳುವ ಸಾಧನವೂ ಹೌದು. ಅಂದಮೇಲೆ ಪಕ್ಕದವರ ದನಿ ಕೇಳಿಸದಂತೆ ಹಾಡುವ ಸಭೆ ಆ ವಚನದ ಅರ್ಧವನ್ನು ಬಿಟ್ಟಂತೆ. ಕೌಶಲದ ವಿಚಾರಕ್ಕೆ ಕೀರ್ತನೆ 33:3 ಮತ್ತು 1 ಪೂರ್ವಕಾಲವೃತ್ತಾಂತ 25 ಓದಿ. ಅಲ್ಲಿ ತರಬೇತಾದ 288 ಹಾಡುಗಾರರನ್ನು 24 ವರ್ಗಗಳಾಗಿ ಹಂಚಿ ಸರದಿ ಹಾಕಿದ್ದಾರೆ. ಭಕ್ತಿ ಇದ್ದರೆ ಅಭ್ಯಾಸ ಬೇಡ ಎನ್ನುವವರಿಗೆ ಇಷ್ಟು ಉತ್ತರ ಸಾಕು.

ಆಕ್ಷೇಪಣೆಯ ವಚನಗಳನ್ನೂ ಬಿಡಬೇಡಿ. ದಾನಿಯೇಲ 3ರಲ್ಲಿ ಚಿನ್ನದ ಪ್ರತಿಮೆಗೆ ಅಡ್ಡಬೀಳಲು ಸಂಕೇತವಾಗಿ ಮೊಳಗುವುದು ಕೊಂಬು, ಕೊಳಲು, ಕಿನ್ನರಿಗಳೇ. ಆಮೋಸ 5:23ರಲ್ಲಿ ದೇವರು ಹಾಡನ್ನು ತನ್ನಿಂದ ತೊಲಗಿಸಿರಿ ಎನ್ನುತ್ತಾನೆ, ಮುಂದಿನ ವಚನದಲ್ಲೇ ನ್ಯಾಯವನ್ನು ಕೇಳುತ್ತಾನೆ. ಈ ಎರಡು ಭಾಗಗಳನ್ನು ಓದಿದ ಮೇಲೆ ವಾದ್ಯಕ್ಕೆ ತನ್ನಿಂದ ತಾನೇ ಪವಿತ್ರತೆಯೂ ಇಲ್ಲ, ಮೈಲಿಗೆಯೂ ಇಲ್ಲ ಎಂಬ ತೀರ್ಮಾನಕ್ಕೆ ಸಮಿತಿ ಬರುವುದು ಕಷ್ಟವಾಗುವುದಿಲ್ಲ. 'ಸ' ಎಂಬ ಷಡ್ಜಕ್ಕೂ 'ಪ' ಎಂಬ ಪಂಚಮಕ್ಕೂ ಇರುವ 2:3ರ ಕಂಪನ ಸಂಬಂಧ ಜರ್ಮನಿಯ ಲೈಪ್‌ಜಿಗ್‌ನಲ್ಲೂ ಅಷ್ಟೇ, ಮಂಗಳೂರಿನಲ್ಲೂ ಅಷ್ಟೇ. ಅದು ಸೃಷ್ಟಿಯಲ್ಲೇ ಇದೆ. ಅದರ ಮೇಲೆ ಮನುಷ್ಯರು ಕಟ್ಟಿದ ಪಾಶ್ಚಾತ್ಯ ಹಾರ್ಮನಿಯಾಗಲಿ, ನಮ್ಮ ರಾಗಪದ್ಧತಿಯಾಗಲಿ ದೇವರ ಸ್ವಂತ ಭಾಷೆಯೆಂದು ಹಕ್ಕು ಸಾಧಿಸಲಾರದು.

ಎರಡನೆಯ ಹೆಜ್ಜೆ: ಯಾವ ಪರಂಪರೆಯ ಮೇಲೆ ನಿಂತಿದ್ದೇವೆ

ಈ ವಾದಗಳೆಲ್ಲ ಹಿಂದೆಯೇ ನಡೆದಿವೆ. ಪ್ರಾಚೀನ ಸಭೆಯ ಬಿಷಪ್ ಆಗಸ್ಟೀನನು ತನ್ನ ಆತ್ಮನಿವೇದನೆಯ ಹತ್ತನೆಯ ಪುಸ್ತಕದಲ್ಲಿ, ಮಾತಿಗಿಂತ ದನಿಯೇ ತನ್ನನ್ನು ಹೆಚ್ಚು ಸೆಳೆದಾಗ ಅದು ತಪ್ಪೆಂದು ಬರೆದುಕೊಳ್ಳುತ್ತಾನೆ. ಆದರೂ ಸಭೆಯಲ್ಲಿ ಹಾಡು ಇರಲಿ ಎಂಬ ಕಡೆಗೇ ವಾಲುತ್ತಾನೆ. ಹದಿನಾರನೆಯ ಶತಮಾನದಲ್ಲಿ ಸಭೆಯ ಸುಧಾರಣೆಗೆ ಹೊರಟವರಲ್ಲಿ ಜರ್ಮನಿಯ ಲೂಥರನು ಸಂಗೀತಕ್ಕೆ ದೇವವಿದ್ಯೆಯ ನಂತರದ ಸ್ಥಾನ ಕೊಟ್ಟ. ಜೂರಿಕ್‌ನಲ್ಲಿ ಜ್ವಿಂಗ್ಲಿ, ತಾನೇ ಒಳ್ಳೆಯ ಸಂಗೀತಗಾರನಾಗಿದ್ದರೂ, ಆರಾಧನೆಯಿಂದ ಸಂಗೀತವನ್ನು ತೆಗೆಸಿದ. ಕ್ಯಾಲ್ವಿನ್ ನಡುವಿನ ದಾರಿ ಹಿಡಿದು ವಾದ್ಯಗಳಿಲ್ಲದೆ ಸಭೆಯಿಂದ ಕೀರ್ತನೆಗಳನ್ನು ಹಾಡಿಸಿದ. 150 ಕೀರ್ತನೆಗಳೂ ಇರುವ ಜಿನೀವಾ ಸಂಪುಟ 1562ರಲ್ಲಿ ಪೂರ್ಣವಾಯಿತು. ಕಥೋಲಿಕ ಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಹೊರಡಿಸಿದ ಆರಾಧನಾವಿಧಿಯ ಶಾಸನ, ಸುವಾರ್ತೆ ಹೊಸದಾಗಿ ತಲುಪಿದ ನಾಡುಗಳಲ್ಲಿ ಆಯಾ ಜನರ ಸ್ವಂತ ಸಂಗೀತಕ್ಕೆ ತಕ್ಕ ಸ್ಥಾನ ಕೊಡಬೇಕೆಂದು ಹೇಳಿತು.

ನಿಮ್ಮ ಸಭೆ ಇವುಗಳಲ್ಲಿ ಯಾವುದರ ಮಗು ಎಂದು ಮೂರು ಸಾಲಿನಲ್ಲಿ ಬರೆಯಿರಿ. ಸತ್ಯವೇದ ನಿಷೇಧಿಸದ್ದೆಲ್ಲ ಆಗಬಹುದು ಎನ್ನುವ ಪರಂಪರೆಯೂ, ಆರಾಧನೆಯಲ್ಲಿ ಸತ್ಯವೇದ ಹೇಳಿದ್ದು ಮಾತ್ರ ಆಗಬೇಕು ಎನ್ನುವ ಪರಂಪರೆಯೂ ಒಂದೇ ಮೇಜಿನ ಸುತ್ತ ಕೂತಿರುವುದುಂಟು. ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳು ಸೇರಿ 1947ರಲ್ಲಿ ಆದ ದಕ್ಷಿಣ ಭಾರತ ಸಭೆಯಲ್ಲಿ ಇದು ಸಹಜ. ಇಬ್ಬರೂ ಯಾವ ನೆಲೆಯಿಂದ ಮಾತಾಡುತ್ತಿದ್ದಾರೆಂದು ತಿಳಿದರೆ ಅರ್ಧ ಜಗಳ ಅಲ್ಲೇ ಇಳಿಯುತ್ತದೆ.

ನಮ್ಮ ನಾಡಿನ ಕೊಂಡಿಯನ್ನೂ ದಾಖಲಿಸಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಆ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲ್ 1862ರಲ್ಲೇ ಯೇಸುವಿನ ಚರಿತ್ರೆಯನ್ನು 'ಕಥಾಮಾಲೆ' ಎಂದು ದೇಶೀಯ ಪದ್ಯರೂಪದಲ್ಲಿ ತಂದರು, 1875ರಲ್ಲಿ ನಾಗವರ್ಮನ ಕನ್ನಡ ಛಂದಸ್ಸಿನ ಗ್ರಂಥ 'ಛಂದೋಂಬುಧಿ'ಯನ್ನು ಸಂಪಾದಿಸಿ ಅಚ್ಚುಹಾಕಿಸಿದರು. ತಂಜಾವೂರಿನಲ್ಲಿ ವೇದನಾಯಕ ಶಾಸ್ತ್ರಿಗಳು (1774–1864) ತಮಿಳಿನಲ್ಲಿ ಕರ್ನಾಟಕ ಶೈಲಿಯ ಕ್ರೈಸ್ತ ಕೀರ್ತನೆಗಳನ್ನು ರಚಿಸಿದ್ದು ಅದಕ್ಕೂ ಮುಂಚೆ. ದೇಸಿ ರಾಗ, ದೇಸಿ ಛಂದಸ್ಸು ಸಭೆಯೊಳಗೆ ನಿನ್ನೆ ಮೊನ್ನೆ ಬಂದ ಫ್ಯಾಷನ್ ಅಲ್ಲ.

ಮೂರನೆಯ ಹೆಜ್ಜೆ: ಕಳೆದ ವರ್ಷದ ಹಾಡುಗಳ ಲೆಕ್ಕ

ತತ್ವ ಬರೆಯುವ ಮುಂಚೆ ಈಗಿರುವುದೇನು ಎಂದು ನೋಡಬೇಕು. ಆರಾಧನಾ ಪಟ್ಟಿಗಳು, ಪ್ರೊಜೆಕ್ಟರ್ ಫೈಲುಗಳು, ವಾಟ್ಸಾಪ್ ಗುಂಪಿನ ಸಂದೇಶಗಳಿಂದ ಒಂದು ವರ್ಷದ ಹಾಡುಗಳನ್ನು ಒಟ್ಟುಮಾಡಿ. ವಾರಕ್ಕೆ ನಾಲ್ಕು ಹಾಡೆಂದರೂ 208 ಸಲ ಹಾಡಿರುತ್ತೀರಿ. ಪ್ರತಿ ಹಾಡಿನ ಮುಂದೆ ಬರೆಯಬೇಕಾದ್ದು: ಎಷ್ಟು ಸಲ ಬಂತು, ಯಾರನ್ನು ಉದ್ದೇಶಿಸಿದೆ (ತಂದೆ, ಮಗ, ಪವಿತ್ರಾತ್ಮ, ಸಭೆ, ಸ್ವಂತ ಮನಸ್ಸು), ಮಾತಾಡುವವರು 'ನಾನು'ವೋ 'ನಾವು'ವೋ, ಮುಖ್ಯ ವಿಷಯ ಏನು.

ವಿಷಯದ ಕಾಲಂ ತುಂಬಿದಾಗ ಖಾಲಿ ಜಾಗಗಳು ಎದ್ದು ಕಾಣುತ್ತವೆ. ಬಹುತೇಕ ಕಡೆ ಕಾಣುವುದು ಹೀಗೆ: ಸ್ತುತಿ ಮತ್ತು ಕೃತಜ್ಞತೆ ತುಂಬಿವೆ, ಪಾಪದ ಅರಿಕೆ ಒಂದೆರಡು, ಪುನರುತ್ಥಾನದ ಹಾಡು ಈಸ್ಟರ್ ವಾರಕ್ಕೆ ಮಾತ್ರ, ನ್ಯಾಯದ ಮೊರೆ ಇಲ್ಲ, ದುಃಖದ ಹಾಡು ಶವಸಂಸ್ಕಾರಕ್ಕೆ ಮೀಸಲು. ಕೀರ್ತನೆಗಳ ಗ್ರಂಥದಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಮೊರೆ ಮತ್ತು ಪ್ರಲಾಪ. 88ನೆಯ ಕೀರ್ತನೆಯಂತೂ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಮಳೆ ಕೈಕೊಟ್ಟ ವರ್ಷ, ಮಗು ತೀರಿಹೋದ ಮನೆಯವರು ಮುಂದಿನ ಸಾಲಿನಲ್ಲಿ ಕೂತಿರುವ ವಾರ, ಸಭೆಯ ಬಾಯಿಗೆ ಒಂದು ಪ್ರಲಾಪದ ಹಾಡೂ ಇಲ್ಲದಿದ್ದರೆ ಆ ಮನೆಯವರು ಸುಮ್ಮನೆ ನಿಂತಿರಬೇಕಾಗುತ್ತದೆ. ವರ್ಷದ ಪಟ್ಟಿಯಲ್ಲಿ ಕನಿಷ್ಠ ಹತ್ತರಲ್ಲೊಂದು ಹಾಡು ಮೊರೆಯದ್ದಿರಲಿ. ಶುರುವಿಗೆ ಕೀರ್ತನೆ 13 ಒಳ್ಳೆಯದು: ಬರೀ ಆರು ವಚನ, ದೂರಿನಿಂದ ಹೊರಟು ಭರವಸೆಗೆ ಬರುತ್ತದೆ.

ನಾಲ್ಕನೆಯ ಹೆಜ್ಜೆ: ಮಾತೂ ಧಾಟಿಯೂ ಕೂಡುತ್ತವೆಯೇ

1 ಕೊರಿಂಥ 14:15ರಲ್ಲಿ ಪೌಲನು ಆತ್ಮದಿಂದಲೂ ಹಾಡುವೆನು, ಬುದ್ಧಿಯಿಂದಲೂ ಹಾಡುವೆನು ಎನ್ನುತ್ತಾನೆ. ಅರ್ಥವಾಗದಂತೆ ಹಾಡಿದರೆ ಬುದ್ಧಿಯ ಪಾಲು ಬಿದ್ದುಹೋಗುತ್ತದೆ. ಕನ್ನಡ ಸಭೆಗಳಲ್ಲಿ ಇದು ಹೆಚ್ಚಾಗಿ ಬಿದ್ದುಹೋಗುವುದು ಪದಗಳು ಕಠಿಣವಾದದ್ದರಿಂದಲ್ಲ, ಧಾಟಿ ಪದವನ್ನು ಮುರಿಯುವುದರಿಂದ.

ಇಂಗ್ಲಿಷ್ ಹಾಡಿನ ಧಾಟಿಗೆ ಕನ್ನಡ ಸಾಲು ಹೊಂದಿಸಿದಾಗ ಏನಾಗುತ್ತದೆಂದು ನೋಡಿ. ಇಂಗ್ಲಿಷಿನ 8-6-8-6 ಅಕ್ಷರಗಳ ಸಾಮಾನ್ಯ ಛಂದಸ್ಸು ಒತ್ತಿಲ್ಲದ ಅಕ್ಷರದಿಂದ ಶುರುವಾಗಿ ಎರಡನೆಯ ಅಕ್ಷರಕ್ಕೆ ತಾಳದ ಪೆಟ್ಟು ಕೊಡುತ್ತದೆ. ಕನ್ನಡದ ಮಾತಿನಲ್ಲಿ ಪದದ ಮೊದಲ ಅಕ್ಷರಕ್ಕೇ ತೂಕ. 'ಯೇಸುವೇ' ಎಂಬುದು ಗುರು–ಲಘು–ಗುರು (ಗುರು ಎರಡು ಮಾತ್ರೆಯ ಉದ್ದ ಅಕ್ಷರ, ಲಘು ಒಂದು ಮಾತ್ರೆಯ ಗಿಡ್ಡ ಅಕ್ಷರ), ಒಟ್ಟು ಐದು ಮಾತ್ರೆ. ಆ ಧಾಟಿಯಲ್ಲಿ 'ಯೇ' ಪೆಟ್ಟಿಗೆ ಮುಂಚಿನ ಗಿಡ್ಡ ಸ್ವರಕ್ಕೆ ಬಿದ್ದು 'ಸು' ಉದ್ದ ಸ್ವರಕ್ಕೆ ಕೂತರೆ ಸಭೆ ಹಾಡುವುದು 'ಯೆಸೂವೆ' ಎಂದು. 'ಶಿಲುಬೆ' ಮೂರೂ ಲಘು. ನಡುವಿನ ಅಕ್ಷರ ಎಳೆದರೆ 'ಶಿಲೂಬೆ'. 'ನಿನ್ನ ಬಲ' ಎಂಬಲ್ಲಿ 'ಬ' ಎರಡು ಮಾತ್ರೆಗೆ ಹಿಗ್ಗಿದರೆ 'ನಿನ್ನ ಬಾಲ'. ಭಾನುವಾರದ ಶಾಲೆಯ ಮಕ್ಕಳು ಮೊದಲು ಹಿಡಿಯುವುದು ಇಂಥದ್ದನ್ನೇ. ಆ ಮೊದಲ ದುರ್ಬಲ ಸ್ವರಕ್ಕೆ ತುಂಬಲು ಏಕಾಕ್ಷರ ಬೇಕಾಗಿ ಅನುವಾದಕರು 'ಓ' ಎಂದೋ 'ಹೇ' ಎಂದೋ ಸಾಲು ಸಾಲಿಗೆ ಸೇರಿಸುತ್ತಾರೆ.

ಪರೀಕ್ಷೆಗೆ ಹತ್ತು ನಿಮಿಷ ಸಾಕು. ಮೊದಲ ಚರಣವನ್ನು ದೊಡ್ಡದಾಗಿ ಬರೆದು ಪ್ರತಿ ಅಕ್ಷರದ ಮೇಲೆ ಗುರು ಲಘು ಗುರುತು ಹಾಕಿ. ಚಪ್ಪಾಳೆ ತಟ್ಟುತ್ತಾ ಹಾಡಿ, ಪೆಟ್ಟು ಬಿದ್ದ ಅಕ್ಷರದ ಕೆಳಗೆ ಗೆರೆ ಎಳೆಯಿರಿ. ಪದದ ನಡುವಿನ ಲಘು ಪೆಟ್ಟಿನ ಮೇಲೆ ಉದ್ದವಾಗಿ ಕೂತಲ್ಲಿ ಒಂದು ತಪ್ಪು, ಗುರು ಓಡುವ ಸ್ವರಕ್ಕೆ ಸಿಕ್ಕಿಬಿದ್ದಲ್ಲಿ ಒಂದು ತಪ್ಪು, ಉಸಿರು ಪದವನ್ನು ಎರಡಾಗಿ ಕಡಿದಲ್ಲಿ ಒಂದು ತಪ್ಪು. ಸಾಲಿನ ಕೊನೆಯ ಲಘುವನ್ನು ಎಳೆಯುವುದು ತಪ್ಪಲ್ಲ, ನಮ್ಮ ಛಂದಸ್ಸೇ ಅದಕ್ಕೆ ಅವಕಾಶ ಕೊಟ್ಟಿದೆ. ನಿಧಾನ ಲಯದಲ್ಲಿ ಸಂಗತಿಗಾಗಿ, ಅಂದರೆ ಅದೇ ಸಾಲನ್ನು ಬಗೆಬಗೆಯಾಗಿ ಹಾಡುವುದಕ್ಕಾಗಿ, ಎಳೆದದ್ದೂ ಕಿವಿಗೆ ಹಿಂಸೆಯಲ್ಲ. ಒಂದು ಚರಣದಲ್ಲಿ ಮೂರಕ್ಕಿಂತ ಹೆಚ್ಚು ತಪ್ಪು ಕಂಡರೆ ಆ ಹಾಡನ್ನು ದುರಸ್ತಿಯಾಗುವವರೆಗೆ ಪಕ್ಕಕ್ಕಿಡಿ.

ದುರಸ್ತಿಗೆ ಮೂರು ದಾರಿ ಇವೆ. ಧಾಟಿಯ ಮೊದಲ ದುರ್ಬಲ ಸ್ವರವನ್ನು ಬಿಟ್ಟು ಪೆಟ್ಟಿನಿಂದಲೇ ಸಾಲು ಶುರುಮಾಡುವುದು ಸುಲಭದ್ದು. ಎರಡನೆಯದು, ಇಂಗ್ಲಿಷ್ ಚರಣದ ನಾಲ್ಕು ವಿಚಾರಗಳನ್ನೂ ತುರುಕುವ ಹಟ ಬಿಡುವುದು. ಕನ್ನಡದ ಪದ ಪ್ರತ್ಯಯ ಸೇರಿ ಉದ್ದವಾಗುವುದರಿಂದ ಎಂಟು ಅಕ್ಷರದಲ್ಲಿ ಎರಡು ಮೂರು ಪದವಷ್ಟೇ ಹಿಡಿಯುತ್ತದೆ. ಎರಡು ವಿಚಾರ ಇಟ್ಟುಕೊಂಡು ಉಳಿದೆರಡನ್ನು ಇನ್ನೊಂದು ಚರಣಕ್ಕೆ ಕಳಿಸಿ. ಮೂರನೆಯದೇ ಅತ್ಯುತ್ತಮ: ಕನ್ನಡದ ಮಾತ್ರಾಗಣಗಳಲ್ಲೇ (ಇಂತಿಷ್ಟು ಮಾತ್ರೆಯ ಗುಂಪುಗಳಲ್ಲೇ) ಹೊಸದಾಗಿ ಬರೆಯುವುದು. ಮೂರು ಮಾತ್ರೆಯ ಉತ್ಸಾಹ ರಗಳೆ, ನಾಲ್ಕರ ಮಂದಾನಿಲ, ಐದರ ಲಲಿತ ರಗಳೆ ಯಾರ ನಾಲಿಗೆಗೂ ಒಗ್ಗುತ್ತವೆ. ಭಾಮಿನಿ ಷಟ್ಪದಿಯ 3+4ರ ನಡೆ ಏಳೆಣಿಕೆಯ ಮಿಶ್ರ ಛಾಪು ತಾಳಕ್ಕೆ ನೇರ ಕೂರುತ್ತದೆ. 'ಯೇಸುವೇ' ಐದು ಮಾತ್ರೆಯ ಗಣವಾಗಿ ಐದೆಣಿಕೆಯ ಖಂಡ ಛಾಪು ತಾಳದಲ್ಲಿ ಒಂದಿಷ್ಟೂ ಮುಕ್ಕಾಗದೆ ನಿಲ್ಲುತ್ತದೆ.

ಅರ್ಥದ ಪರೀಕ್ಷೆ ಇನ್ನೂ ಸರಳ. ಹಾಡನ್ನು ಧಾಟಿಯಿಲ್ಲದೆ ಗದ್ಯದಂತೆ ಓದಿ, ಎಪ್ಪತ್ತು ದಾಟಿದ ಒಬ್ಬರಿಗೂ ಹನ್ನೆರಡರ ಒಂದು ಮಗುವಿಗೂ ಕೇಳಿಸಿ. ಏನು ಹೇಳಿತು ಎಂದು ಅವರು ಸ್ವಂತ ಮಾತಿನಲ್ಲಿ ಹೇಳಬೇಕು. ಹೇಳಲಾಗದ ಸಾಲಿಗೆ ಸುತ್ತು ಹಾಕಿ.

ಐದನೆಯ ಹೆಜ್ಜೆ: ಎರವಲು ಧಾಟಿ

ಸಿನಿಮಾ ಧಾಟಿಗೆ ಭಕ್ತಿಯ ಸಾಹಿತ್ಯ ಹಾಕುವವರು ಲೂಥರನೂ ಹೆಂಡದಂಗಡಿಯ ಧಾಟಿ ಬಳಸಿದ ಎಂದು ಹೇಳುವುದುಂಟು. ನಡೆದದ್ದು ಅಷ್ಟು ಸರಳವಲ್ಲ. ತನ್ನ ಕ್ರಿಸ್ಮಸ್ ಹಾಡೊಂದನ್ನು ಅವನು 1535ರಲ್ಲಿ ಜನಪದ ಧಾಟಿಗೆ ಹಾಕಿದ್ದು ನಿಜ. 1539ರ ಹೊತ್ತಿಗೆ ಅದಕ್ಕೆ ಬೇರೆ ಧಾಟಿ ಬಂತು, ಇಂದಿಗೂ ಉಳಿದಿರುವುದು ಆ ಎರಡನೆಯದೇ. ಪರೀಕ್ಷೆ ಹೀಗಿರಲಿ: ಬರೀ ಧಾಟಿಯನ್ನು ಕೀಬೋರ್ಡಿನಲ್ಲಿ ನುಡಿಸಿ, ಸಭೆಯ ಹತ್ತು ಜನರಿಗೆ ಮೊದಲು ಏನು ನೆನಪಾಯಿತೆಂದು ಕೇಳಿ. ನಾಲ್ಕೈದು ಜನ ಬೇರೊಂದು ಹಾಡನ್ನೋ ನಟರನ್ನೋ ಹೆಸರಿಸಿದರೆ ಆ ಧಾಟಿ ಆರಾಧನೆಗೆ ಬೇಡ. ಅದೇ ಧಾಟಿ ಮುಂದಿನ ತಲೆಮಾರಿಗೆ ಏನೂ ನೆನಪಿಸದೆ ಹೋಗಬಹುದು, ಆಗ ಮತ್ತೆ ನೋಡಬಹುದು. ರಾಗ, ತಬಲಾ, ಭಜನೆಯ ಶೈಲಿಗೂ ಇದೇ ಅಳತೆ. ಹಿಂದೂ ಮನೆತನದಿಂದ ಈಚೆಗೆ ಬಂದ ಸದಸ್ಯರೊಬ್ಬರಿಗೆ ಯಾವುದಾದರೂ ಧಾಟಿ ಹಳೆಯ ಪೂಜೆಯನ್ನೇ ನೆನಪಿಸುವುದಾದರೆ, ನಮ್ಮ ಸ್ವಾತಂತ್ರ್ಯ ಬಲಹೀನ ಮನಸ್ಸಾಕ್ಷಿಯವರಿಗೆ ಅಡ್ಡಿಯಾಗಬಾರದು ಎನ್ನುವ 1 ಕೊರಿಂಥ 8ರ ಪ್ರಕಾರ ಆ ಧಾಟಿಯನ್ನು ಸದ್ಯಕ್ಕೆ ಬಿಡಬೇಕು. ಹಾಗೆಂದು ರಾಗಪದ್ಧತಿಯನ್ನೇ ಬಿಡುವುದು ಆ ವಚನವನ್ನು ಮಿತಿಮೀರಿ ಹಿಗ್ಗಿಸಿದಂತೆ.

ಆರನೆಯ ಹೆಜ್ಜೆ: ಸಭೆಯ ಗಂಟಲು

ಸಭೆಯೇ ಮೊದಲ ಗಾಯನತಂಡ ಎಂದು ನಂಬುವುದಾದರೆ ಅದು ಶ್ರುತಿಯಲ್ಲಿ, ಧ್ವನಿಮಟ್ಟದಲ್ಲಿ ಕಾಣಬೇಕು. ಅಭ್ಯಾಸವಿಲ್ಲದ ಗಂಟಲಿಗೆ ಹಿತವಾದ ವ್ಯಾಪ್ತಿ ಸುಮಾರು ಒಂಬತ್ತು ಸ್ವರ: ಹೆಂಗಸರಿಗೂ ಮಕ್ಕಳಿಗೂ ಮಧ್ಯ ಸಿ ಇಂದ ಮೇಲಿನ ಡಿ, ಗಂಡಸರಿಗೆ ಅದರ ಕೆಳಗಿನ ಸ್ಥಾಯಿಯಲ್ಲಿ ಅದೇ. ಸಾಮಾನ್ಯ ತಪ್ಪೆಂದರೆ ಸಿ ಸ್ಕೇಲ್ ಸುಲಭ ಎಂದುಕೊಳ್ಳುವುದು. ನೋಡಬೇಕಾದ್ದು ಹಾಡಿನ ಅತಿ ಎತ್ತರದ ಸ್ವರವನ್ನು. ಬಿಳಿ ಒಂದರ (ಸಿ) ಶ್ರುತಿಯಲ್ಲಿ ತಾರಸ್ಥಾಯಿಯ, ಅಂದರೆ ಮೇಲಿನ ಸ್ಥಾಯಿಯ, ಅಂತರ ಗಾಂಧಾರ ('ಗ') ಮುಟ್ಟುವ ಹಾಡಿಗೆ ಮೇಲಿನ ಇ ಬೇಕಾಗುತ್ತದೆ. ಶ್ರುತಿಯನ್ನು ಕೆಳಗಿನ ಕಪ್ಪು ಐದಕ್ಕೆ (ಬಿ ಫ್ಲ್ಯಾಟ್) ಇಳಿಸಿದರೆ ಅದೇ ಗಾಂಧಾರ ಡಿಗೆ ನಿಲ್ಲುತ್ತದೆ. ಯೂಟ್ಯೂಬಿನ ಗಾಯಕರು ತಮ್ಮ ಗಂಟಲಿಗೆ ತಕ್ಕ ಶ್ರುತಿ ಇಟ್ಟಿರುತ್ತಾರೆ. ಗಾಯಕ ಜಿ ಮುಟ್ಟುತ್ತಿದ್ದರೆ ಕೀಬೋರ್ಡಿನ ಟ್ರಾನ್ಸ್‌ಪೋಸ್ ಗುಂಡಿಯಲ್ಲಿ ಮೈನಸ್ ಐದು ಹಾಕಿ. ಶನಿವಾರದ ಅಭ್ಯಾಸದಲ್ಲಿ ಕ್ವಾಯರಿನವರ ಬದಲು ಹಿಂದಿನ ಸಾಲಿನವರೊಬ್ಬರಿಂದ ಎತ್ತರದ ಸಾಲು ಹಾಡಿಸಿ ನೋಡಿ.

ಧ್ವನಿಮಟ್ಟಕ್ಕೆ ಫೋನಿನ ಡೆಸಿಬೆಲ್ ಆ್ಯಪ್ ಸಾಕು. ಅದರ ಅಳತೆ ಕರಾರುವಾಕ್ಕಲ್ಲ, ವಾರದಿಂದ ವಾರಕ್ಕೆ ಹೋಲಿಸಲು ಆಗುತ್ತದೆ. ಹಾಲಿನ ನಡುವೆ ಕಿವಿಯ ಎತ್ತರದಲ್ಲಿ ಹಿಡಿಯಿರಿ. 75ರಿಂದ 85 ಒಳ್ಳೆಯದು. 90 ದಾಟಿತೆಂದರೆ ಜನರಿಗೆ ತಮ್ಮ ದನಿಯೇ ಕೇಳದೆ ಬಾಯಿ ಮುಚ್ಚುತ್ತಾರೆ, ಆಗ ಮುಂದಿನವರು ಸಭೆ ಹಾಡುತ್ತಿಲ್ಲವೆಂದು ಇನ್ನೂ ಏರಿಸುತ್ತಾರೆ. ಪ್ರತಿ ಆರಾಧನೆಯಲ್ಲೂ ಒಂದು ಚರಣ ವಾದ್ಯ ನಿಲ್ಲಿಸಿ ಹಾಡಿಸಿ. ದನಿ ಕುಸಿದರೆ ವಾದ್ಯಗಳು ಸಭೆಯನ್ನು ಹೊತ್ತುಕೊಂಡು ಹೋಗುತ್ತಿದ್ದವೆಂದು ತಿಳಿಯುತ್ತದೆ.

ಹೊಸ ಹಾಡು ತಿಂಗಳಿಗೊಂದು ಸಾಕು. ಮೊದಲ ವಾರ ಕ್ವಾಯರ್ ಹಾಡಲಿ, ಎರಡನೆಯ ವಾರ ಸಭೆ ಪಲ್ಲವಿ ಮಾತ್ರ, ಮೂರು ನಾಲ್ಕನೆಯ ವಾರ ಪೂರ್ತಿ. ಒಂದೇ ಭಾನುವಾರ ಎರಡು ಹೊಸ ಹಾಡು ತಂದರೆ ಎರಡೂ ನಿಲ್ಲುವುದಿಲ್ಲ.

ಆರಾಧನೆಯ ಹೊರಗೆ

ಕ್ರೈಸ್ತನ ಸಂಗೀತ ಭಾನುವಾರಕ್ಕೆ ಮುಗಿಯುವುದಿಲ್ಲ. ಆರ್ಕೆಸ್ಟ್ರಾದಲ್ಲಿ ಪಿಟೀಲು ನುಡಿಸುವ ಸದಸ್ಯರು, ಮದುವೆ ಮನೆಗೆ ಕೀಬೋರ್ಡ್ ಒಯ್ಯುವ ಯುವಕರು, ಲಾಲಿ ಹಾಡುವ ತಾಯಂದಿರು ಮಾಡುವುದೂ ಸೃಷ್ಟಿಯ ವರದ ಬಳಕೆಯೇ. ಪ್ರತಿ ಸ್ವರಕ್ಕೂ ಯೇಸುವಿನ ಹೆಸರು ಅಂಟಿಸಬೇಕಿಲ್ಲ. ಫಿಲಿಪ್ಪಿ 4:8ರಲ್ಲಿರುವ ಸತ್ಯ, ಮಾನ್ಯ, ನ್ಯಾಯ, ಶುದ್ಧ ಮುಂತಾದವುಗಳ ಪಟ್ಟಿಯನ್ನು ಅಳತೆಗೋಲಾಗಿ ಇಟ್ಟು, ಯಾವುದಕ್ಕೆ ಒಪ್ಪುತ್ತೇವೆ, ಯಾವುದಕ್ಕೆ ಇಲ್ಲ ಎಂದು ಕುಟುಂಬಗಳೇ ನಿರ್ಧರಿಸಲಿ. ಸಭೆಯ ಪುಟದಲ್ಲಿ ಇದಕ್ಕೆ ಒಂದು ಪ್ಯಾರಾ ಸಾಕು, ನಿಷೇಧದ ಪಟ್ಟಿ ಬೇಡ.

ಪುಟ ಬರೆಯುವುದು

ಐದನೆಯ ಬೈಠಕ್‌ನಲ್ಲಿ ಇಬ್ಬರು ಕರಡು ಬರೆದು ತರಲಿ. 400 ಪದ ಮೀರಬಾರದು. ಪ್ರತಿ ವಾಕ್ಯವೂ ಏನನ್ನಾದರೂ ತೀರ್ಮಾನಿಸಬೇಕು. 'ಸಂಗೀತದಿಂದ ದೇವರಿಗೆ ಮಹಿಮೆ ತರುತ್ತೇವೆ' ಎಂಬ ವಾಕ್ಯವನ್ನು ಯಾರೂ ಅಲ್ಲಗಳೆಯುವುದಿಲ್ಲ, ಅದರಿಂದ ಯಾವ ಹಾಡೂ ಆಯ್ಕೆಯಾಗುವುದೂ ಇಲ್ಲ. ಹೀಗೆ ಬರೆಯಬಹುದು: 'ನಮ್ಮ ಸಭೆಯಲ್ಲಿ ಸದಸ್ಯರ ದನಿಯೇ ಮುಖ್ಯ, ವಾದ್ಯವೂ ಕ್ವಾಯರೂ ಅದಕ್ಕೆ ಆಸರೆ.' 'ಹಾಡಿನ ಮಾತು ಸತ್ಯವೇದಕ್ಕೆ ಒಪ್ಪಬೇಕು, ಹಾಡಿದಾಗ ಕನ್ನಡವಾಗಿ ಕೇಳಿಸಬೇಕು.' 'ಪ್ರತಿ ತಿಂಗಳೂ ಎರಡು ಮೊರೆಯ ಹಾಡು, ಒಂದು ಪಾಪದ ಅರಿಕೆಯ ಹಾಡು ಇರುತ್ತದೆ.' 'ಶನಿವಾರದ ಅಭ್ಯಾಸಕ್ಕೆ ಬಾರದವರು ಆ ಭಾನುವಾರ ಮುಂದೆ ನಿಂತು ಹಾಡುವುದಿಲ್ಲ.' ಕೊನೆಯದು ಕಠಿಣ ಅನ್ನಿಸಬಹುದು. ಬರೆದಿಟ್ಟ ಮೇಲೆ ಅದು ಯಾರೊಬ್ಬರ ಮೇಲಿನ ಸಿಟ್ಟಾಗಿ ಉಳಿಯುವುದಿಲ್ಲ.

ಆರನೆಯ ಬೈಠಕ್ ಪರೀಕ್ಷೆಗೆ. ಸಭೆಗೆ ತುಂಬ ಪ್ರಿಯವಾದ ಐದು ಹಾಡು, ವಿವಾದವಾದ ಐದು ಹಾಡು ತೆಗೆದುಕೊಂಡು ಪುಟದ ಪ್ರಕಾರ ಒಂದೊಂದಾಗಿ ತೀರ್ಪು ಕೊಡಿ. ಎಲ್ಲ ಹತ್ತೂ ಪಾಸಾದರೆ ಪುಟ ತೀರಾ ಸಡಿಲವಾಗಿದೆ. ಸಮಿತಿಯ ಇಷ್ಟದವು ಮಾತ್ರ ಪಾಸಾದರೆ ಅಭಿರುಚಿಯನ್ನೇ ತತ್ವವೆಂದು ಬರೆದಿದ್ದೀರಿ, ಐದನೆಯ ಬೈಠಕ್‌ಗೆ ಹಿಂತಿರುಗಿ.

ಕಾನೂನಿನ ಒಂದು ಸಾಲೂ ಸೇರಲಿ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು ಪ್ರಾಮಾಣಿಕ ಧಾರ್ಮಿಕ ಸಮಾರಂಭದಲ್ಲಿ ಹಾಡುವುದಕ್ಕೆ ವಿನಾಯಿತಿ ಕೊಡುತ್ತದೆ. ಹಾಡಿನ ಪುಸ್ತಕ ಅಚ್ಚು ಹಾಕಿಸುವುದು, ಧ್ವನಿಮುದ್ರಿಸಿಕೊಂಡ ಹಾಡನ್ನು ಯೂಟ್ಯೂಬಿಗೆ ಏರಿಸುವುದು ಬೇರೆ ವಿಷಯ. ರಚನಕಾರರು ತೀರಿಕೊಂಡು 60 ವರ್ಷ ಆಗುವವರೆಗೆ ಅವರ ಅಥವಾ ವಾರಸುದಾರರ ಅನುಮತಿ ಬೇಕು, ಅನುವಾದಕ್ಕೂ ಬೇಕು. ಪ್ರತಿ ಸ್ಲೈಡಿನ ಕೆಳಗೆ ಸಾಹಿತ್ಯ, ಧಾಟಿ, ಅನುವಾದ ಯಾರದೆಂದು ಹಾಕುವ ರೂಢಿ ಮಾಡಿ.

ಪುಟವನ್ನು ಸಭೆಯ ಸಾಮಾನ್ಯ ಕೂಟದಲ್ಲಿ ಓದಿ ಒಪ್ಪಿಗೆ ಪಡೆದು ನಡಾವಳಿಗೆ ಸೇರಿಸಿ. ಒಂದು ಪ್ರತಿ ಕ್ವಾಯರಿನ ಫೈಲಿನಲ್ಲಿ, ಒಂದು ಸೌಂಡ್ ಮಿಕ್ಸರಿನ ಪಕ್ಕದಲ್ಲಿ ಇರಲಿ. ಹೊಸ ಸಭಾಪಾಲಕರು ಬಂದಾಗ ಮೊದಲ ತಿಂಗಳಲ್ಲೇ ಅವರ ಕೈಗೆ ಕೊಡಿ. ಎರಡು ವರ್ಷಕ್ಕೊಮ್ಮೆ ಹಾಡುಗಳ ಲೆಕ್ಕವನ್ನು ಹೊಸದಾಗಿ ತೆಗೆದು, ಮೂರನೆಯ ಹೆಜ್ಜೆಯ ಖಾಲಿ ಜಾಗಗಳು ತುಂಬಿವೆಯೇ ಎಂದು ನೋಡಿ ತಿದ್ದುಪಡಿ ಮಾಡಿ.